ಹಿಂದಿನ ಸೀಟಿನಲ್ಲಿ

ನನಗೆ ಧಣಿ ಇಲ್ಲ, ಆಳೂ ಇಲ್ಲ. ಈ ದೇಶದ ಸರ್ಕಾರಿ ಕಾಗದಗಳಲ್ಲಿ ನನ್ನಂಥವರಿಗೆ ಒಂದು ಉದ್ದನೆಯ ಹೆಸರಿದೆ. ಬಿಡಿಸಿ ಹೇಳಿದರೆ ಸಿಬ್ಬಂದಿಯಿಲ್ಲದ ಸ್ವತಂತ್ರ ಉದ್ಯೋಗಿ ಎಂದಾಗುತ್ತದೆ. ಕೇಳಲು ಚೆನ್ನಾಗಿದೆ. ಅದರ ಅರ್ಥ ಮಾತ್ರ ಇಷ್ಟೇ: ಜ್ವರ ಬಂದರೆ ರಜೆ ಕೇಳಲು ಯಾರೂ ಇಲ್ಲ, ಕೊಡಲೂ ಯಾರೂ ಇಲ್ಲ.

ನಾನು ಕಾರು ಓಡಿಸುವುದನ್ನು ಕಲಿಸುತ್ತೇನೆ. ಮನೆ ಡಚ್ಚರ ನಾಡಿನ ವೂರ್‌ಬರ್ಗ್‌ನಲ್ಲಿ. ಕಾರಿನ ತಲೆಯ ಮೇಲೆ ಎಲ್ ಅಕ್ಷರದ ನೀಲಿ ಬೋರ್ಡು, ನನ್ನ ಕಾಲ ಕೆಳಗೆ ಇನ್ನೊಂದು ಜೋಡಿ ಪೆಡಲ್ಲು. ಕಲಿಯುವವರು ಎಡಗಡೆ ಕೂತು ಓಡಿಸುತ್ತಾರೆ, ನಾನು ಬಲಗಡೆ ಕೂತು ಹೆದರುತ್ತೇನೆ. ಎಂಟು ವರ್ಷದಿಂದ ಇದೇ ಕೆಲಸ.

ನಮ್ಮ ಅಬ್ಬಾ ಕೋಲಾರದಲ್ಲಿ ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದರು. ಮಗ ಸ್ಟೀರಿಂಗ್ ಹಿಡಿಯಬಾರದು, ಫ್ಯಾನಿನ ಕೆಳಗೆ ಕೂತು ಕೆಲಸ ಮಾಡಬೇಕು ಅಂತ ಕಂಪ್ಯೂಟರ್ ಓದಿಸಿದರು. ಓದಿದೆ. ಬೆಂಗಳೂರಿನಲ್ಲಿ ಒಂದಷ್ಟು ವರ್ಷ, ಆಮೇಲೆ ಈ ದೇಶಕ್ಕೆ ಬಂದು ಹೂಫ್‌ಡಾರ್ಪ್‌ನ ಒಂದು ಆಫೀಸಿನಲ್ಲಿ ಒಂದಷ್ಟು ವರ್ಷ, ಯಾರ ಪೆಟ್ಟಿಗೆ ಯಾವ ವಿಮಾನಕ್ಕೆ ಹೋಗಬೇಕು ಅನ್ನುವ ಸಾಫ್ಟ್‌ವೇರ್ ನೋಡಿಕೊಂಡಿದ್ದೆ. ಖಾಯಂ ವಾಸದ ಪರವಾನಗಿ ಕೈಗೆ ಬಂದ ವರ್ಷವೇ ನಮ್ಮ ವಿಭಾಗವನ್ನು ಬೇರೆ ದೇಶಕ್ಕೆ ಎತ್ತಿಕೊಂಡು ಹೋದರು, ನನ್ನನ್ನು ಇಲ್ಲೇ ಬಿಟ್ಟು. ವಯಸ್ಸು ನಲವತ್ತೈದರ ಹತ್ತಿರ ಬಂದಿತ್ತು. ಮೀಸೆ ಚಿಗುರುತ್ತಿರುವವರು ನನ್ನನ್ನು ಸಂದರ್ಶನ ಮಾಡಿ, ಇನ್ನು ಐದು ವರ್ಷಕ್ಕೆ ಎಲ್ಲಿರುತ್ತೀರಿ ಅಂತ ಕೇಳುತ್ತಿದ್ದರು. ನನಗೆ ಸಾಕಾಗಿತ್ತು.

“ಹೇಗೂ ಪಕ್ಕದ ಸೀಟಲ್ಲಿ ಕೂತ್ಕೊಂಡು ನನ್ನ ಡ್ರೈವಿಂಗಿಗೆ ಬೈತಾನೇ ಇರ್ತೀರ. ಅದನ್ನೇ ಕೆಲಸ ಮಾಡ್ಕೊಳ್ಳಿ,” ಅಂದಳು ಹೆಂಡತಿ. ಅವಳು ಅಂದದ್ದು ತಮಾಷೆಗೆ. ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಆ ವಯಸ್ಸಿನಲ್ಲಿ ಡಚ್ ಭಾಷೆಯಲ್ಲಿ ಪರೀಕ್ಷೆ ಬರೆದು, ಕಲಿಸುವವರ ಸರ್ಟಿಫಿಕೇಟು ತೆಗೆದುಕೊಂಡೆ. ಅಬ್ಬಾಗೆ ಫೋನಿನಲ್ಲಿ ಹೇಳಿದಾಗ, “ಸ್ಟೀರಿಂಗ್ ಯಾರ ಕೈಲಿರುತ್ತೆ?” ಅಂತ ಕೇಳಿದರು. ಕಲಿಯುವವರ ಕೈಯಲ್ಲಿ ಅಂದೆ. “ಹಂಗಾದ್ರೆ ನಿಂದು ಕಂಡಕ್ಟರ್ ಕೆಲಸ,” ಅಂದರು.

ಕಂಡಕ್ಟರಿಗಾದರೂ ಡಿಪೋದಲ್ಲಿ ಒಂದು ಕ್ಯಾಂಟೀನ್ ಇರುತ್ತದೆ. ನನ್ನ ಊಟ ಕಾರಿನಲ್ಲೇ. ಎರಡು ಪಾಠಗಳ ನಡುವೆ ಹತ್ತು ನಿಮಿಷ ಸಿಕ್ಕರೆ ಚಪಾತಿ ಸುತ್ತಿಕೊಂಡು ತಿನ್ನುತ್ತೇನೆ. ಮುಂದಿನ ವಿದ್ಯಾರ್ಥಿ ಬಂದವನೇ ಮೂಗು ಸೊಟ್ಟ ಮಾಡಿ ಕಿಟಕಿ ಇಳಿಸುತ್ತಾನೆ. ವೂರ್‌ಬರ್ಗ್‌ನಿಂದ ಸಮುದ್ರದ ದಂಡೆಯವರೆಗೆ ಯಾವ ಪೆಟ್ರೋಲ್ ಬಂಕಿನಲ್ಲಿ, ಯಾವ ಲೈಬ್ರರಿಯಲ್ಲಿ ಶೌಚಾಲಯಕ್ಕೆ ಬಿಡುತ್ತಾರೆ ಎಂಬ ನಕ್ಷೆ ನನ್ನ ತಲೆಯಲ್ಲಿದೆ. ಬಲ ಮಂಡಿ ಹೋಗಿದೆ. ದಿನವಿಡೀ ಕಾಲನ್ನು ಬ್ರೇಕಿನ ಮೇಲೆ ಒಂದು ಬೆರಳಿನಷ್ಟು ಎತ್ತರದಲ್ಲಿ ಹಿಡಿದುಕೊಂಡಿರಬೇಕು. ಒತ್ತುವ ಹಾಗಿಲ್ಲ, ತೆಗೆಯುವ ಹಾಗೂ ಇಲ್ಲ. ಡಾಕ್ಟರು ಪರೀಕ್ಷೆ ಮಾಡಿ, ಮೂರು ವಾರ ಕೆಲಸಕ್ಕೆ ಹೋಗಬೇಡಿ, ನಿಮ್ಮ ಮೇಲಧಿಕಾರಿಗೆ ತಿಳಿಸಿ ಅಂದರು. ತಿಳಿಸಿದ್ದೇನೆ, ಅವನು ಒಪ್ಪುತ್ತಿಲ್ಲ ಅಂದೆ. ಡಾಕ್ಟರು ನಗಲಿಲ್ಲ.

ನನ್ನ ಬಳಿ ಬರುವವರಲ್ಲಿ ಮುಕ್ಕಾಲು ಪಾಲು ನಮ್ಮವರೇ. ಹೆಬ್ಬಾಳದ ಫ್ಲೈಓವರ್ ಮೇಲೆ ಹದಿನೈದು ವರ್ಷ ಓಡಿಸಿದ್ದೀನಿ ಸರ್, ಎರಡು ಕ್ಲಾಸ್ ಸಾಕು ಅನ್ನುತ್ತಾ ಬರುತ್ತಾರೆ. ಎರಡನೇ ಕ್ಲಾಸಿಗೆ ಅವರ ಮುಖ ಬಾಡಿರುತ್ತದೆ. ಹಾರ್ನ್ ಹುಡುಕುವ ಕೈಯನ್ನು ತಡೆಯಬೇಕು, ಎದುರಿನವನಿಗೆ ‘ನೀ ಹೋಗಪ್ಪ’ ಅಂತ ಬೀಸುವ ಕೈಯನ್ನು ತಡೆಯಬೇಕು. ಇಲ್ಲಿ ಹೋಗುವ ಸರದಿ ಯಾರದೋ ಅವರು ಹೋಗಬೇಕು, ಅಷ್ಟೇ. ಔದಾರ್ಯ ತೋರಿಸಿದರೆ ಅಂಕ ಹೋಗುತ್ತದೆ.

ಇನ್ನೊಂದು ವಿಷಯ, ನಮ್ಮವರಿಗೆ ಜೊತೆ ಬೇಕು. ಒಬ್ಬ ರೋಗಿ ಆಸ್ಪತ್ರೆಗೆ ಹೊರಟರೆ ನಾಲ್ಕು ಜನ ಹೊರಡುತ್ತಾರೆ. ಪಾಸ್‌ಪೋರ್ಟ್ ಆಫೀಸಿಗೆ ಜೊತೆ, ಫ್ರಿಜ್ ಕೊಳ್ಳಲು ಜೊತೆ, ಸಂದರ್ಶನಕ್ಕೆ ಹೋದರೆ ಹೊರಗೆ ಬೇವಿನ ಮರದ ಕೆಳಗೆ ಕಾಯಲು ಜೊತೆ. ಇಲ್ಲಿ ಹದಿನೆಂಟು ತುಂಬಿದ ಹುಡುಗಿ ಸೈಕಲ್ ತುಳಿದುಕೊಂಡು ಒಬ್ಬಳೇ ಪರೀಕ್ಷೆಗೆ ಬರುತ್ತಾಳೆ. ಫೇಲಾದರೆ ಒಬ್ಬಳೇ ಅತ್ತು, ಅದೇ ಸೈಕಲ್ ಹತ್ತಿ ಹೋಗುತ್ತಾಳೆ. ನಮ್ಮವರು ಬಂದರೆ ಗಂಡ, ಮಗು, ಮಗುವಿನ ತಳ್ಳುಗಾಡಿ, ಮೊಸರನ್ನದ ಡಬ್ಬಿ, ಎಲ್ಲ ಬರುತ್ತವೆ. ಇದನ್ನು ಹೇಳಿ ನಗುವ ನಾನೇನು ಬೇರೆಯವನಲ್ಲ. ಯಾರಾದರೂ ಬನ್ನಿ ಅಂದರೆ ಚಪ್ಪಲಿ ಹಾಕಿಕೊಂಡು ಹೊರಟುಬಿಡುತ್ತೇನೆ.

ಹೋದ ವರ್ಷ ಹುಬ್ಬಳ್ಳಿ ಕಡೆಯ ಒಬ್ಬರು ನನ್ನಲ್ಲಿ ಕಲಿಯಲು ಬಂದರು. ನಲವತ್ತರ ಹೆಂಗಸು. ಊರಲ್ಲಿ ಹನ್ನೊಂದು ವರ್ಷ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. ಗಂಡನಿಗೆ ಆಮ್ಸ್ಟರ್‌ಡ್ಯಾಮ್‌ನಲ್ಲಿ ಬ್ಯಾಂಕಿನ ಕೆಲಸ, ಬೆಳಗಿನ ರೈಲಿಗೆ ಹೋದರೆ ಸಂಜೆಯ ರೈಲಿಗೆ ವಾಪಸ್ಸು. ಇವರು ಆರು ವರ್ಷ ಮನೆಯಲ್ಲಿದ್ದರು. ಸುಮ್ಮನೆ ಇರಲಿಲ್ಲ, ಡಚ್ ಕಲಿತರು, ಇಲ್ಲಿಯ ಶುಶ್ರೂಷೆಯ ಕೋರ್ಸು ಮಾಡಿದರು. ಕೊನೆಗೆ ಮನೆಮನೆಗೆ ಹೋಗಿ ವಯಸ್ಸಾದವರ ಗಾಯಕ್ಕೆ ಪಟ್ಟಿ ಕಟ್ಟುವ, ಇನ್ಸುಲಿನ್ ಕೊಡುವ ಒಂದು ಸಂಸ್ಥೆಯವರು ಇವರನ್ನು ತೆಗೆದುಕೊಳ್ಳಲು ಒಪ್ಪಿ ಪತ್ರ ಬರೆದರು. ಒಂದೇ ಷರತ್ತು: ಹಳ್ಳಿಗಳ ಕಡೆಯ ಸುತ್ತು, ಕಾರಿನಲ್ಲಿ ಹೋಗಬೇಕು, ಜೂನ್ ಒಂದನೇ ತಾರೀಖಿನ ಹೊತ್ತಿಗೆ ಲೈಸೆನ್ಸ್ ಇರಬೇಕು. ಆ ಪತ್ರವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕೈಚೀಲದಲ್ಲಿ ಇಟ್ಟುಕೊಂಡೇ ಪಾಠಕ್ಕೆ ಬರುತ್ತಿದ್ದರು.

ಅವರ ಕೈ ಚೆನ್ನಾಗಿತ್ತು, ಕಾಲು ಚೆನ್ನಾಗಿತ್ತು. ಕೆಟ್ಟಿದ್ದು ಕಣ್ಣು. ಕಣ್ಣು ಅಂದರೆ ದೃಷ್ಟಿಯಲ್ಲ. ಪ್ರತಿ ಕ್ರಾಸಿನಲ್ಲೂ ರಸ್ತೆ ನೋಡಿ, ಕನ್ನಡಿ ನೋಡಿ, ಭುಜದ ಮೇಲಿಂದ ಹಿಂದಕ್ಕೆ ನೋಡಿ, ಎಲ್ಲ ಸರಿಯಾಗಿ ನೋಡಿ ಮುಗಿಸಿ, ಕೊನೆಗೆ ನನ್ನ ಮುಖ ನೋಡುತ್ತಿದ್ದರು.

“ಹೋಗ್ಲೇನ್ರಿ ಸರ್?”

“ನನ್ನನ್ನ ಯಾಕೆ ಕೇಳ್ತೀರ ಮೇಡಂ? ದಾರಿ ಖಾಲಿ ಇದೆ ಅಂತ ನಿಮಗೇ ಕಾಣ್ತಿದೆ ಅಲ್ವಾ?”

“ಕಾಣಸ್ತದರಿ. ಆದ್ರೂ ನೀವು ಒಂದ್ ಮಾತ್ ಹೂಂ ಅಂದ್ರ ಧೈರ್ಯರಿ.”

ಮೊದಲ ಪರೀಕ್ಷೆಯಲ್ಲಿ ಇದೇ ಅವರನ್ನು ಮುಳುಗಿಸಿತು. ನಾನು ಪರೀಕ್ಷಾ ಕೇಂದ್ರದಲ್ಲಿ ಕಾಫಿ ಕುಡಿಯುತ್ತಾ ಕೂತಿದ್ದೆ. ಇವರು ಒಂದು ಕ್ರಾಸಿನಲ್ಲಿ ನಿಂತು, ಪಕ್ಕದಲ್ಲಿದ್ದ ಪರೀಕ್ಷಕರ ಮುಖ ನೋಡಿದ್ದಾರೆ. ಅವರು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಇವರು ಕಾದೇ ಕಾದಿದ್ದಾರೆ, ಹಿಂದೆ ಕಾರುಗಳ ಸಾಲು ನಿಂತಿದೆ. ಸ್ವಂತ ತೀರ್ಮಾನ ತೆಗೆದುಕೊಳ್ಳುವುದಿಲ್ಲ ಎಂದು ಬರೆದು ಫೇಲು ಮಾಡಿದರು.

ಆಮೇಲೆ ನಾನು ಆ ಅಭ್ಯಾಸವನ್ನು ಕೀಳಲು ಹೊರಟೆ. ಪಾಠದಲ್ಲಿ ಮಾತು ನಿಲ್ಲಿಸಿದೆ. ಕಿಟಕಿಯ ಕಡೆಗೆ ಮುಖ ತಿರುಗಿಸಿ ಕೂತೆ. ಒಮ್ಮೆ ಟೋಪಿಯನ್ನು ಮೂಗಿನವರೆಗೆ ಎಳೆದುಕೊಂಡು ನಿದ್ದೆ ಬಂದವನ ಹಾಗೆ ನಟಿಸಿದೆ. ಅವರು ಸಿಟ್ಟಾದರು. “ನಿಮಗ ಜೀವದ ಆಸೆ ಇಲ್ಲೇನ್ರಿ?” ಅಂದರು. ಎರಡು ತಿಂಗಳು ಹೀಗೇ ನಡೆಯಿತು. ಒಂದು ಬೆಳಿಗ್ಗೆ, ಟ್ರ್ಯಾಮ್ ಹಳಿ, ಸೈಕಲ್ ದಾರಿ, ಪಾದಚಾರಿಗಳು ಎಲ್ಲ ಕೂಡಿಕೊಳ್ಳುವ ಒಂದು ದೊಡ್ಡ ವೃತ್ತವನ್ನು ಅವರು ನನ್ನ ಕಡೆ ಒಮ್ಮೆಯೂ ನೋಡದೆ ದಾಟಿದರು. ದಾಟಿದ್ದು ಅವರಿಗೇ ಗೊತ್ತಾಗಲಿಲ್ಲ. ನನಗೆ ಗೊತ್ತಾಯಿತು. ಹೇಳಿದರೆ ಮತ್ತೆ ನನ್ನ ಕಡೆ ತಿರುಗುತ್ತಾರೆ ಅಂತ ಸುಮ್ಮನಿದ್ದೆ, ಆದರೆ ಒಳಗೆ ಬಹಳ ಖುಷಿಯಾಯಿತು.

ಎರಡನೇ ಪರೀಕ್ಷೆ ಮೇ ಕೊನೆಯ ವಾರಕ್ಕೆ ಸಿಕ್ಕಿತು. ಇದು ತಪ್ಪಿದರೆ ಮುಂದಿನದು ಇಲ್ಲಿಯ ಬೇಸಿಗೆ, ಅಂದರೆ ಆಗಸ್ಟ್, ಕಳೆದ ಮೇಲೆಯೇ. ಕೆಲಸದ ಪತ್ರ ಅಷ್ಟು ದಿನ ಕಾಯುವುದಿಲ್ಲ. ಇಬ್ಬರಿಗೂ ಗೊತ್ತಿತ್ತು.

“ಈ ಸಲ ನೀವು ಹಿಂದಿನ ಸೀಟ್ನ್ಯಾಗ ಕುಂದರ್ರಿ ಸರ್,” ಅಂದರು. “ಏನೂ ಮಾತಾಡಬ್ಯಾಡ್ರಿ. ಸುಮ್ನ ಇರ್ರಿ. ಯಾರೋ ನಮ್ಮವರು ಅದಾರ ಅಂತ ಅನಿಸಿದ್ರ ಸಾಕು.”

ಕಲಿತವರು ಬಯಸಿದರೆ ಕಲಿಸಿದವರು ಹಿಂದೆ ಕೂರಬಹುದು, ನಿಯಮದಲ್ಲಿ ಅವಕಾಶವಿದೆ. ಕೂತವರು ಬಾಯಿ ಬಿಡಕೂಡದು, ಸನ್ನೆ ಮಾಡಕೂಡದು. ಇಲ್ಲಿಯ ಹುಡುಗರು ಯಾರೂ ಕೇಳುವುದಿಲ್ಲ. ನಮ್ಮವರು ಕೇಳುತ್ತಾರೆ, ನಾನು ಹೋಗುತ್ತೇನೆ.

ಪರೀಕ್ಷೆಗೆ ಎರಡು ದಿನ ಮೊದಲು ನನಗೆ ಜ್ವರ ಹಿಡಿಯಿತು. ಮೈ ಸುಡುತ್ತಿತ್ತು, ಕಣ್ಣುಗುಡ್ಡೆ ನೋಯುತ್ತಿತ್ತು. ಗುಳಿಗೆ ನುಂಗಿ ಎರಡೂ ದಿನ ಪಾಠ ಮಾಡಿದೆ. ಹಿಂದಿನ ಸಂಜೆ ಒಬ್ಬ ವಿದ್ಯಾರ್ಥಿ ಬಲಕ್ಕೆ ತಿರುಗುವಾಗ ಸೈಕಲ್ ದಾರಿಯನ್ನು ನೋಡದೆ ನುಗ್ಗಿದ. ನಾನು ಬ್ರೇಕ್ ಒತ್ತದಿದ್ದರೆ ಸೈಕಲ್ ಮೇಲಿದ್ದ ಮುದುಕರೊಬ್ಬರು ನಮ್ಮ ಬಾನೆಟ್ ಮೇಲಿರುತ್ತಿದ್ದರು. ಮನೆಗೆ ಬಂದು ಒಂದು ಗಂಟೆ ನಡುಗುತ್ತಾ ಕೂತಿದ್ದೆ, ಜ್ವರಕ್ಕೋ ಭಯಕ್ಕೋ ಗೊತ್ತಿಲ್ಲ.

“ನಾಳೆ ಬೇರೆ ಯಾರನ್ನಾದ್ರೂ ಕಳಿಸಿ,” ಅಂದಳು ಹೆಂಡತಿ. ನನ್ನಂತೆಯೇ ಕಲಿಸುವ ಒಬ್ಬ ಗೆಳೆಯ ಇದ್ದ, ಕೇಳಿದ್ದರೆ ಬರುತ್ತಿದ್ದ.

“ಅವರಿಗೆ ನಾನೇ ಬೇಕು,” ಅಂದೆ. ನಿಜ ಹೇಳಬೇಕೆಂದರೆ, ಹಾಗೆ ಅನ್ನಲು ನನಗೇ ಹಿತವಾಗಿತ್ತು. ಧಣಿಯೂ ಇಲ್ಲದ, ಆಳೂ ಇಲ್ಲದ ನನಗೆ ಅಷ್ಟಾದರೂ ಬೇಕಲ್ಲ.

ಬೆಳಿಗ್ಗೆ ಒಂಬತ್ತಕ್ಕೆ ಪರೀಕ್ಷೆ. ಪರೀಕ್ಷಕರು ಐವತ್ತು ದಾಟಿದ ಹೆಂಗಸು, ಗಿಡ್ಡ ಕೂದಲು, ಮೃದು ಮಾತು. ದೂರದ ಕಾರಿನ ನಂಬರ್ ಓದಿಸಿ ಕಣ್ಣು ಪರೀಕ್ಷೆ ಮಾಡಿದರು, ನನಗೆ ನಿಯಮ ನೆನಪಿಸಿದರು, ನಾನು ತಲೆಯಾಡಿಸಿದೆ. ಅವರ ಹಿಂದೆ, ಬಲಗಡೆ ಕೂತೆ. ಕಾರು ಹೊರಟಿತು.

ಎಂಥ ಡ್ರೈವಿಂಗು! ಹೆದ್ದಾರಿಗೆ ಸೇರುವಾಗ ಲಾರಿಯ ಹಿಂದೆ ನೀರಿನಂತೆ ಸೇರಿಕೊಂಡರು. ಕಿರಿದಾದ ಬೀದಿಯಲ್ಲಿ ಕಸದ ಗಾಡಿ ನಿಂತಿತ್ತು. ಕಾಯಬೇಕಾದಷ್ಟೇ ಕಾದು, ಹೋಗಬೇಕಾದಾಗ ಹೋದರು. ಒಂದು ಸಲವೂ ಪರೀಕ್ಷಕರ ಮುಖ ನೋಡಲಿಲ್ಲ. ಕನ್ನಡಿಯಲ್ಲಿ ನನ್ನನ್ನೂ ಹುಡುಕಲಿಲ್ಲ. ಅರ್ಧ ಗಂಟೆ ಕಳೆದಿತ್ತು, ಕೇಂದ್ರಕ್ಕೆ ಇನ್ನು ಎರಡೇ ತಿರುವು. ಹಿಂದೆ ಕೂತ ನಾನು ಮನಸ್ಸಿನಲ್ಲೇ ಪೇಡೆ ಹಂಚಲು ಶುರುಮಾಡಿದ್ದೆ.

ಬಲಕ್ಕೆ ತಿರುಗಬೇಕಿತ್ತು. ನನ್ನ ಪಕ್ಕದ ಕಿಟಕಿಯಾಚೆ, ಸೈಕಲ್ ದಾರಿಯಲ್ಲಿ, ಬೆನ್ನಿಗೆ ಚೀಲ ಹಾಕಿದ ಒಬ್ಬ ಶಾಲಾ ಹುಡುಗಿ ಜೋರಾಗಿ ತುಳಿಯುತ್ತಾ ಬರುತ್ತಿದ್ದಳು. ನೇರ ಹೋಗುವವಳು. ಅವಳಿಗೇ ಮೊದಲು ದಾರಿ. ನನ್ನ ಕಣ್ಣು ಅವಳ ಮೇಲೆ ಅಂಟಿಕೊಂಡಿತು. ನನ್ನ ಬಲಗಾಲು ಅಲ್ಲಿಲ್ಲದ ಬ್ರೇಕನ್ನು ಹುಡುಕಿ ಮುಂದಿನ ಸೀಟಿನ ಬೆನ್ನಿಗೆ ಹೋಗಿ ಗುದ್ದಿತು, ಬಾಯಿಂದ ಮಾತು ಹೊರಬಿತ್ತು.

“ಸೈಕಲ್ಲು! ನಿಲ್ಸಿ, ನಿಲ್ಸಿ!”

ಕಾರು ನಿಂತಿತು. ಹುಡುಗಿ ತನ್ನ ಪಾಡಿಗೆ ಮುಂದೆ ಹೋದಳು, ನಮ್ಮ ಕಡೆ ನೋಡಲೂ ಇಲ್ಲ.

ನಿಂತ ರೀತಿಯಲ್ಲೇ ನನಗೆ ತಿಳಿಯಿತು. ಗಾಬರಿಯ ಬ್ರೇಕ್ ಆಗಿದ್ದರೆ ಎಲ್ಲರೂ ಮುಂದಕ್ಕೆ ಮುಗ್ಗರಿಸಬೇಕಿತ್ತು. ಯಾರೂ ಅಲುಗಲಿಲ್ಲ. ನಾನು ಕೂಗುವ ಮೊದಲೇ ಅವರ ಕಾಲು ಬ್ರೇಕಿನ ಮೇಲಿತ್ತು, ವೇಗ ಆಗಲೇ ಇಳಿದಿತ್ತು. ಅವರು ತಲೆ ತಿರುಗಿಸಿ ಹಿಂದಕ್ಕೆ ನೋಡಿದ್ದನ್ನು ನಾನು ನೋಡಲೇ ಇಲ್ಲ. ನಾನು ಸೈಕಲ್ ನೋಡುತ್ತಿದ್ದೆ.

ಪರೀಕ್ಷಕರು ಕಾರನ್ನು ಪಕ್ಕಕ್ಕೆ ಹಾಕಲು ಹೇಳಿದರು. ತಿರುಗಿ ನನ್ನನ್ನು ನೋಡಿ, “ಏನು ಹೇಳಿದಿರಿ?” ಅಂತ ಕೇಳಿದರು. ಅವರಿಗೆ ಕನ್ನಡ ಬಾರದು. ಏನಾದರೂ ಹೇಳಬಹುದಿತ್ತು, ಸೀನು ಬಂತು, ದೇವರ ಹೆಸರು ಹೇಳಿದೆ, ಮಂಡಿ ಹಿಡಿಯಿತು. ಒಂದು ಗಳಿಗೆ ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಸೈಕಲ್ ಅನ್ನುವ ಮಾತು ಯಾವ ದೇಶದವರಿಗೂ ಗೊತ್ತಾಗುತ್ತದೆ, ನನ್ನ ಮುಖವೂ ಸುಳ್ಳಿಗೆ ಒಗ್ಗುವಂಥದಲ್ಲ. ನಿಲ್ಲಿಸಿ ಅಂತ ಹೇಳಿದೆ ಅಂದೆ.

ಕೇಂದ್ರಕ್ಕೆ ಬಂದು ಮೇಜಿನ ಮುಂದೆ ಕೂತೆವು. ಪರೀಕ್ಷಕರು ಕೈ ಜೋಡಿಸಿ ಇಟ್ಟುಕೊಂಡು, ನನಗಲ್ಲ, ಅವರಿಗೇ ಹೇಳಿದರು: “ನೀವು ಅವಳನ್ನು ನೋಡಿದ್ದಿರಿ ಅಂತಲೇ ನನಗೆ ಅನಿಸುತ್ತದೆ. ಆದರೆ ಈಗ ನನಗೆ ಅದು ಖಚಿತವಾಗಿ ಗೊತ್ತಾಗುವ ದಾರಿ ಇಲ್ಲ. ಸಹಾಯ ಸಿಕ್ಕಿದ ಮೇಲೆ ನಾನು ಪಾಸು ಮಾಡುವ ಹಾಗಿಲ್ಲ. ನನಗೂ ಬೇಸರವಾಗಿದೆ.”

ನಾನು ವಾದ ಮಾಡಿದೆ. ತಪ್ಪು ನನ್ನದು, ಶಿಕ್ಷೆ ನನಗೆ ಕೊಡಿ, ಬೇಕಾದರೆ ಈಗಲೇ ಇನ್ನೊಂದು ಸುತ್ತು ಕರೆದುಕೊಂಡು ಹೋಗಿ ಅಂದೆ. ದನಿ ಏರಿತು. ಪಕ್ಕದ ಮೇಜಿನವರು ತಿರುಗಿ ನೋಡಿದರು. ಹುಬ್ಬಳ್ಳಿಯವರು ನನ್ನ ತೋಳು ಮುಟ್ಟಿ, “ಸಾಕ್ರಿ ಸರ್, ಏಳ್ರಿ,” ಅಂದರು. ಅವರ ಮುಖದಲ್ಲಿ ಅಳು ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ವಾಪಸ್ಸು ಬರುವಾಗ ನಾನೇ ಓಡಿಸಿದೆ. ಅವರು ಪಕ್ಕದಲ್ಲಿ, ನನ್ನ ಸೀಟಿನಲ್ಲಿ, ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಸೇತುವೆಯೊಂದು ಮೇಲೆದ್ದಿತ್ತು, ಕೆಳಗೆ ದೋಣಿ ಹೋಗುವವರೆಗೆ ಕಾಯಬೇಕಾಯಿತು.

“ತಪ್ಪಾಯ್ತು ಮೇಡಂ,” ಅಂದೆ.

“ನಾ ಆ ಹುಡುಗಿನ್ನ ನೋಡಿದ್ದೆರಿ.”

“ಗೊತ್ತು.”

“ಇಲ್ರಿ. ನಿಮಗ ಗೊತ್ತಿರಲಿಲ್ಲ.”

ನನ್ನ ಮುಖ ನೋಡಬೇಡಿ, ನಿಮ್ಮ ಕಣ್ಣು ನಂಬಿ ಅಂತ ಎರಡು ತಿಂಗಳು ಹಟ ಹಿಡಿದು ಕೂತವನು ನಾನು. ಅವರು ನಂಬಿದರು. ನಂಬದೆ ಉಳಿದವನು ನಾನೊಬ್ಬನೇ. ಜ್ವರದ ಮೇಲೆ ಹಾಕಬಹುದು, ಹಿಂದಿನ ಸಂಜೆಯ ಮುದುಕರ ಮೇಲೆ ಹಾಕಬಹುದು. ಎಂಟು ವರ್ಷ, ಪಕ್ಕದಲ್ಲಿ ಕೂತವರು ಈಗ ತಪ್ಪು ಮಾಡುತ್ತಾರೆ, ಈಗ ಮಾಡುತ್ತಾರೆ ಅಂತ ಕಾಯುವುದೇ ಕಸುಬಾದರೆ, ಸರಿ ಮಾಡುವವರು ಕಣ್ಣಿಗೆ ಬೀಳದೇ ಹೋಗುತ್ತಾರೆ. ನನಗೆ ನಾಚಿಕೆಯಾಯಿತು.

“ಆ ಸಂಸ್ಥೆಯವರ ಹತ್ರ ನಾನೂ ಬರ್ತೀನಿ,” ಅಂದೆ. “ನಡೆದದ್ದು ನಡೆದ ಹಾಗೆ ಹೇಳ್ತೀನಿ. ತಪ್ಪು ನಿಮ್ಮದಲ್ಲ ಅಂತ ಬರೆದು ಕೊಡ್ತೀನಿ. ಸ್ವಲ್ಪ ದಿನ ಕಾಯಬಹುದು ಅವರು.”

“ಬ್ಯಾಡ್ರಿ. ನಾ ಒಬ್ಬಾಕಿನ ಹೋಗ್ತೇನಿ.”

ಅವರ ಬೀದಿಯ ತುದಿಯಲ್ಲಿ ಇಳಿದು, ಬಾಗಿಲನ್ನು ಮೆಲ್ಲಗೆ ಹಾಕಿ ಹೋದರು. ಇಳಿಯುವ ಮೊದಲು ಭುಜದ ಮೇಲಿಂದ ಹಿಂದಕ್ಕೆ ನೋಡಿದರು, ಸೈಕಲ್ ಬರುತ್ತಿದೆಯೇ ಅಂತ.

ಮನೆಯಲ್ಲಿ ಹೇಳಿದೆ. ಹೆಂಡತಿ ಹಣೆ ಮುಟ್ಟಿ ನೋಡಿ, ಜ್ವರದಲ್ಲಿ ಬಾಯಿಗೆ ಬಂದಿದೆ, ಏನು ಮಾಡೋಕಾಗುತ್ತೆ ಬಿಡಿ ಅಂದಳು. ಮಗಳಿಗೆ ಹದಿನಾರು, ಮನೆಯಲ್ಲಿ ನಾವು ನಮ್ಮ ದಖನಿ ಉರ್ದುವಿನಲ್ಲಿ ಕೇಳಿದರೆ ಅವಳು ಡಚ್‌ನಲ್ಲಿ ಉತ್ತರ ಕೊಡುತ್ತಾಳೆ. “ಅವರು ನೋಡಿದ್ರು ಅಲ್ವಾ? ಮತ್ತೆ ನೀವು ಅಲ್ಲಿಗೆ ಯಾಕೆ ಹೋಗಿದ್ರಿ?” ಅಂತ ಕೇಳಿದಳು. ಬೈಯುವ ದನಿಯಲ್ಲಿ ಕೇಳಲಿಲ್ಲ, ಗೊತ್ತಿಲ್ಲ ಅಂತ ಕೇಳಿದಳು. ಧೈರ್ಯಕ್ಕೆ ಅಂದೆ. ಅವಳಿಗೆ ಅರ್ಥವಾಗಲಿಲ್ಲ.

ಜೂನ್ ಬಂತು. ಆ ಕೆಲಸ ಬೇರೆಯವರಿಗೆ ಹೋಯಿತು ಅಂತ ಹುಬ್ಬಳ್ಳಿಯವರು ಒಂದು ಚಿಕ್ಕ ಸಂದೇಶ ಕಳಿಸಿದರು. ಲೈಸೆನ್ಸ್ ಆದ ಮೇಲೆ ಮತ್ತೆ ಬನ್ನಿ, ನೋಡೋಣ ಅಂದಿದ್ದಾರೆ ಅಂತಲೂ ಬರೆದಿದ್ದರು. ಮುಂದಿನ ಪಾಠ ಯಾವಾಗ ಅಂತ ಕೇಳಿದೆ, ದುಡ್ಡು ಬೇಡ ಅಂದೆ. ಸ್ವಲ್ಪ ದಿನ ಬಿಟ್ಟು ಹೇಳ್ತೇನ್ರಿ ಅಂದರು. ಬೇಸಿಗೆ ಪೂರ್ತಿ ಹೇಳಲಿಲ್ಲ. ನನ್ನಿಂದ ಒಬ್ಬರು ಕೈಚೆಲ್ಲಿದರು ಅಂದುಕೊಂಡೆ. ಅವರ ಬೀದಿ ಬಂದಾಗಲೆಲ್ಲ ವಿದ್ಯಾರ್ಥಿಗಳನ್ನು ಇನ್ನೊಂದು ದಾರಿಯಲ್ಲಿ ತಿರುಗಿಸುತ್ತಿದ್ದೆ. ಕೆಲಸ ಮಾತ್ರ ನಿಲ್ಲಲಿಲ್ಲ. ಏಳುತ್ತಿದ್ದೆ, ಮಂಡಿಗೆ ಪಟ್ಟಿ ಬಿಗಿಯುತ್ತಿದ್ದೆ, ಹೋಗುತ್ತಿದ್ದೆ.

ಅಕ್ಟೋಬರಿನ ಒಂದು ಮಧ್ಯಾಹ್ನ ಪೆಟ್ರೋಲ್ ಬಂಕಿನ ಹಿಂದೆ ಕಾರು ನಿಲ್ಲಿಸಿ ಚಪಾತಿ ತಿನ್ನುತ್ತಿದ್ದಾಗ ಫೋನಿಗೆ ಒಂದು ಫೋಟೋ ಬಂತು. ಗುಲಾಬಿ ಬಣ್ಣದ ಲೈಸೆನ್ಸ್ ಕಾರ್ಡು, ಅದರಲ್ಲಿ ಅವರ ಮುಖ. ಬೇರೆ ಸ್ಕೂಲಿನ ಕಾರಿನಲ್ಲಿ ಪರೀಕ್ಷೆಗೆ ಹೋಗಿದ್ದರಂತೆ, ಪಾಸಾದರಂತೆ, ಬರುವ ತಿಂಗಳಿಂದ ಕೆಲಸವಂತೆ. ಕಲಿಸಿದವರು ನೀವೇ ಅಂತಲೂ ಬರೆದಿದ್ದರು. ಕೊನೆಯಲ್ಲಿ ಎರಡು ಸಾಲಿತ್ತು.

“ತಾರೀಖು ನಿಮಗ ಹೇಳಲಿಲ್ಲ, ತಪ್ಪು ತಿಳ್ಕೋಬ್ಯಾಡ್ರಿ ಸರ್. ಹೇಳಿದ್ರ ನೀವು ಬರ್ತಿದ್ರಿ.”

ನಿಜ. ಹೋಗುತ್ತಿದ್ದೆ.